ಕಾರಿಗೆ 50 ವಾಟ್‌ನ ಹ್ಯಾಮ್ ರೇಡಿಯೋ (ಹವ್ಯಾಸಕ್ಕೆ ಬಳಸುವ ವೈರ್‌ಲೆಸ್ ಸೆಟ್) ಹಾಕಿಸಿದರೆ ಹಿಂದೆ ಕೂರುವ ಮಕ್ಕಳಿಗೆ ತೊಂದರೆ ಆಗುತ್ತಾ?

ಆಂಟೆನಾ ಎಲ್ಲಿ ಕೂರಿಸುತ್ತೀರಿ ಅನ್ನೋದೇ ಮುಖ್ಯ. ಟಾಪಿನ ನಟ್ಟನಡುವೆ ಇದ್ದರೆ ಒಳಗಿದ್ದವರಿಗೆ ಆ ತಗಡೇ ಮರೆ. ಡಿಕ್ಕಿ ಅಂಚಿಗೆ ಕ್ಲಿಪ್ ಹಾಕಿ ನಿಲ್ಲಿಸಿದರೆ ಹಿಂದಿನ ಗಾಜು ಏನನ್ನೂ ತಡೆಯಲ್ಲ, ಮಕ್ಕಳ ತಲೆ ಅಲ್ಲೇ ಇರುತ್ತೆ ಅಲ್ವಾ? ನಾನಂತೂ ಅಲ್ಲಿ ಬೇಡ ಅಂತೀನಿ. ಇಂಥ ಸೆಟ್‌ಗಳು ಸಾಮಾನ್ಯವಾಗಿ ಬಳಸುವ 145 ಮೆಗಾಹರ್ಟ್ಜ್ ಆಸುಪಾಸಿನ ಅಲೆಗಳನ್ನು ಮೈ ಜಾಸ್ತಿ ಹೀರುತ್ತದೆ. ಅದಕ್ಕೇ ಸುರಕ್ಷತಾ ಮಿತಿಗಳೂ ಅಲ್ಲಿ ಬಿಗಿ.

ಅಲೆ ಹೊರಡುವುದು ಮೈಕಿನ ಗುಂಡಿ ಒತ್ತಿದಾಗ ಮಾತ್ರ. ಸುಮ್ನೆ ಕೇಳುವಾಗ ಚಿಂತೆಯಿಲ್ಲ. ರಿಪೀಟರ್ (ನಿಮ್ಮ ಮಾತನ್ನು ಹಿಡಿದು ದೂರಕ್ಕೆ ಮತ್ತೆ ಕಳಿಸುವ ಕೇಂದ್ರ) ಹತ್ತಿರದಲ್ಲಿದ್ದರೆ 5 ವಾಟ್‌ಗೆ ಇಳಿಸಿ. ಬೀಳುವ ಅಲೆಯೂ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ, ಮಾತು ಮಾತ್ರ ಅಷ್ಟೇ ಸ್ಪಷ್ಟ.

ಜನ ಮರೆಯುವುದು ಹೊರಗೆ ನಿಂತವರನ್ನು. ನಿಲ್ಲಿಸಿದ ಕಾರಿಗೆ ಯಾರಾದರೂ ಒರಗಿದ್ದರೆ ಗುಂಡಿ ಒತ್ತಬೇಡಿ. ಗುಂಡಿ ಒತ್ತಿರುವಾಗ ಆಂಟೆನಾ ಮುಟ್ಟಿದರೆ ಬೆರಳೇ ಸುಡಬಹುದು. ಪೆಟ್ರೋಲ್ ಬಂಕಿನಲ್ಲಿ ಸೆಟ್ ಆಫ್ ಇರಲಿ.

ವೈರನ್ನು ಬ್ಯಾಟರಿಯಿಂದಲೇ ಎಳೆಸಿ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕಿಸಿ. ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗದಲ್ಲಿ ಸೆಟ್ಟೂ ಬೇಡ, ಮೈಕೂ ಬೇಡ. ಓಡಿಸುವಾಗ ಚಾನೆಲ್ ಹುಡುಕುವುದು ಅಲೆಗಿಂತ ದೊಡ್ಡ ಅಪಾಯ.