‘ಎರಡೇ ಪೆಗ್ಗು ಡಾಕ್ಟ್ರೇ, ಗಾಡಿ ಓಡಿಸಬಹುದಾ?’

ಡಿಸೆಂಬರ್ ಬಂತೆಂದರೆ ಈ ಅಂಕಣಕ್ಕೆ ಶೀತ, ಕೆಮ್ಮಿನ ಪ್ರಶ್ನೆಗಳ ಜೊತೆ ಪಾರ್ಟಿ ಪ್ರಶ್ನೆಗಳೂ ಬರಲು ಶುರುವಾಗುತ್ತವೆ. ಈ ಸಲ ಅವನ್ನೆಲ್ಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ನಾನು ಅಪಘಾತದ ಕೇಸುಗಳು ಬರುವ ಕ್ಯಾಷುವಾಲ್ಟಿಯಲ್ಲಿ ಕೆಲಸ ಮಾಡುವವನು. ಕುಡಿಯಬೇಡಿ ಎಂದು ಬುದ್ಧಿ ಹೇಳಲು ಕೂತಿಲ್ಲ. ನನ್ನ ಮಾತೆಲ್ಲ ಗಾಡಿ ಕೀ ಬಗ್ಗೆ ಅಷ್ಟೇ.

ಪ್ರಶ್ನೆ: ನನಗೆ 34 ವರ್ಷ, ತೂಕ 70 ಕೆ.ಜಿ. ಹೊಸ ವರ್ಷದ ರಾತ್ರಿ ಗೆಳೆಯರೆಲ್ಲ ಕೋರಮಂಗಲದಲ್ಲಿ ಸೇರುತ್ತೇವೆ. ಎರಡು ಪೆಗ್ಗಿಗಿಂತ ಜಾಸ್ತಿ ಮುಟ್ಟುವವನಲ್ಲ, ಅದೂ ಚೆನ್ನಾಗಿ ತಿಂದುಕೊಂಡು. ಮಿತಿ ದಾಟದ ಹಾಗೆ ಎಷ್ಟು ಕುಡಿಯಬಹುದು? — ಬೆಂಗಳೂರಿನ ಓದುಗರು

ಎರಡು ಪೆಗ್ಗು ಅಂದರೆ ಎರಡು ಸ್ಮಾಲೋ, ಎರಡು ಲಾರ್ಜೋ? ಎಲ್ಲರೂ ಜಾರಿಬೀಳುವುದು ಇಲ್ಲೇ.

ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಕೇಸು. ಒಂದು ಸ್ಮಾಲ್, ಅಂದರೆ 30 ಮಿ.ಲೀ. ವಿಸ್ಕಿ ಅಥವಾ ರಮ್‌ನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ನಿಮ್ಮ ತೂಕದ ಗಂಡಸಿನ ರಕ್ತದಲ್ಲಿ ಅದು 20 ಮಿ.ಗ್ರಾಂ. ಆಸುಪಾಸು ಏರಿಸುತ್ತದೆ. ಎರಡು ಸ್ಮಾಲ್ ಬೇಗ ಬೇಗ ಇಳಿಸಿದರೆ 40. ಎರಡು ಲಾರ್ಜ್, ಅಂದರೆ 60 ಮಿ.ಲೀ.ನ ಎರಡು ಆದರೆ 80. ಇನ್ನು 50 ಕೆ.ಜಿ. ತೂಕದ ಹೆಣ್ಣುಮಗಳು ಖಾಲಿ ಹೊಟ್ಟೆಯಲ್ಲಿ ಒಂದೇ ಒಂದು ಸ್ಮಾಲ್ ಕುಡಿದರೂ ಮಿತಿ ದಾಟಬಹುದು.

ಬಿಯರ್‌ದು ಇನ್ನೊಂದು ಕಥೆ. ‘ಬರೀ ಬಿಯರ್ ಸಾರ್’ ಎನ್ನುವ ಮಾತನ್ನು ನಾನು ಕೇಳುವಷ್ಟು ಪೊಲೀಸರೂ ಕೇಳಿರಲಿಕ್ಕಿಲ್ಲ. 650 ಮಿ.ಲೀ.ನ ಒಂದು ಸ್ಟ್ರಾಂಗ್ ಬಿಯರ್ ಬಾಟಲಿ, 8 ಪರ್ಸೆಂಟ್‌ನದು, ನಾಲ್ಕು ಸ್ಮಾಲ್‌ಗೆ ಸಮ. ನೊರೆ ಜಾಸ್ತಿ ಇದೆ ಅಂತ ಅಮಲು ಕಮ್ಮಿ ಆಗಲ್ಲ.

ಲೆಕ್ಕ ಹಿಡಿದು ನೋಡಿದರೆ, ಎರಡು ಸ್ಮಾಲ್ ಅನ್ನು ಎರಡು ಗಂಟೆ ಎಳೆದು, ಊಟ ಮಾಡುತ್ತಾ ಕುಡಿದರೆ ನೀವು 30ರ ಕೆಳಗೇ ಉಳಿಯಬಹುದು. ಇದನ್ನು ಮುಚ್ಚಿಡಲು ಹೋಗುವುದಿಲ್ಲ. ಆದರೆ ಗೆಳೆಯನ ಮನೆಯಲ್ಲಿ ಅಳತೆ ಹಿಡಿದು ಹಾಕುವವರು ಯಾರು? ಅವನು ಪ್ರೀತಿಯಿಂದ ಬಗ್ಗಿಸಿದ ಸ್ಮಾಲ್ ಎಷ್ಟೋ ಸಲ 45 ಮಿ.ಲೀ. ಆಗಿರುತ್ತದೆ. ಊಟ ಮಾಡಿದ್ದರೆ ಆಲ್ಕೋಹಾಲ್ ರಕ್ತಕ್ಕೆ ಇಳಿಯುವುದು ನಿಧಾನ, ನಿಜ. ಆದರೆ ಅದೇ ಕಾರಣಕ್ಕೆ ಅದು ಮೇಲಕ್ಕೇರುವುದೂ ತಡವಾಗಿ. ಟೇಬಲ್ ಬಿಟ್ಟು ಏಳುವಾಗ ಇದ್ದದ್ದಕ್ಕಿಂತ ಸಿಲ್ಕ್ ಬೋರ್ಡ್ ಹತ್ತಿರ ಬರುವಾಗ ಜಾಸ್ತಿ ಇರುವ ಸಾಧ್ಯತೆ ಇದೆ.

ಇನ್ನೊಂದು ಮಾತು. 30 ಅನ್ನುವುದು ಕೇಸು ಹಾಕಲು ಎಳೆದ ಗೆರೆ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಅದು 80. ಅಲ್ಲಿರುವ ನಮ್ಮವರು ರಜೆಗೆ ಊರಿಗೆ ಬಂದಾಗ ಅದೇ ಲೆಕ್ಕದಲ್ಲಿ ಸ್ಟೇರಿಂಗ್ ಹಿಡಿದು ಸಿಕ್ಕಿಹಾಕಿಕೊಳ್ಳುವುದುಂಟು. 30ರ ಕೆಳಗಿದ್ದರೂ ಕಣ್ಣು ಎರಡು ಕಡೆ ಒಟ್ಟಿಗೆ ಗಮನ ಇಡುವುದು ಕಷ್ಟವಾಗುತ್ತದೆ. ಎಲ್ಲಕ್ಕಿಂತ ಮೊದಲು ಹೋಗುವುದು ‘ನಾನು ಸರಿ ಇದ್ದೀನಾ’ ಎಂದು ಅಳೆಯುವ ಬುದ್ಧಿ. ಅಂದರೆ ಮೂರನೇ ಪೆಗ್ಗಿನ ಹೊತ್ತಿಗೆ ತೀರ್ಮಾನ ತೆಗೆದುಕೊಳ್ಳಬೇಕಾದವನೇ ಅಲ್ಲಿರುವುದಿಲ್ಲ. ಅದಕ್ಕೇ ತೀರ್ಮಾನ ಮನೆಯಲ್ಲೇ ಆಗಬೇಕು, ಚಪ್ಪಲಿ ಮೆಟ್ಟುವ ಮೊದಲು. ಗಾಡಿ ಒಯ್ಯುತ್ತೀರಾದರೆ ಗ್ಲಾಸಲ್ಲಿ ಜ್ಯೂಸು. ಕುಡಿಯುವ ಮನಸ್ಸಿದ್ದರೆ ಕೀ ಮನೆಯಲ್ಲಿ. ಡಿಸೆಂಬರ್ 31ರ ರಾತ್ರಿ ಬೆಂಗಳೂರಲ್ಲಿ ಹೇಗೂ ಹೆಚ್ಚಿನ ಫ್ಲೈಓವರ್‌ಗಳನ್ನು ಮುಚ್ಚುತ್ತಾರೆ, ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗೆ ಗಾಡಿ ಬಿಡುವುದಿಲ್ಲ. ಮೆಟ್ರೋ ಮಾತ್ರ ಎಂದಿಗಿಂತ ತಡವಾಗಿ ಓಡುತ್ತದೆ. ಆಟೋದವರು ಆ ರಾತ್ರಿ ಕೇಳುವ ರೇಟಿಗೆ ನನಗೂ ಸಿಟ್ಟು ಬರುತ್ತದೆ. ಆದರೂ ಕೊಟ್ಟುಬಿಡಿ.

ಪ್ರಶ್ನೆ: ರಾತ್ರಿ ಪಾರ್ಟಿ ಮುಗಿಸಿ ಮಲಗಿ, ಬೆಳಗಿನ ಜಾವ ಎದ್ದು ಬೈಕಲ್ಲಿ ನಂದಿ ಬೆಟ್ಟದ ಕಡೆ ಹೋಗುವ ಪ್ಲಾನ್ ಇದೆ. ನಿದ್ದೆ ಮಾಡಿದರೆ ಇಳಿದುಹೋಗುತ್ತದೆ ಅಲ್ವಾ? — ಯಲಹಂಕದ ಓದುಗರು

ನಿದ್ದೆಗೂ ಎಣ್ಣೆ ಇಳಿಯುವುದಕ್ಕೂ ಸಂಬಂಧವೇ ಇಲ್ಲ. ಆ ಕೆಲಸ ಮಾಡುವುದು ಲಿವರ್. ಅದು ಸರಕಾರಿ ಕೌಂಟರ್ ಇದ್ದ ಹಾಗೆ. ಸಾಲು ಎಷ್ಟೇ ಉದ್ದ ಇರಲಿ, ಅದರ ಸ್ಪೀಡು ಒಂದೇ. 100 ಮಿ.ಲೀ. ರಕ್ತದ ಲೆಕ್ಕದಲ್ಲಿ ಗಂಟೆಗೆ ಸುಮಾರು 15 ಮಿ.ಗ್ರಾಂ. ಆಳಿಂದ ಆಳಿಗೆ ಸ್ವಲ್ಪ ಹೆಚ್ಚುಕಮ್ಮಿ ಆಗಬಹುದು.

ನೀವು ರಾತ್ರಿ 10ಕ್ಕೆ ಕೂತು 1ರ ಹೊತ್ತಿಗೆ ಒಂದು ಕ್ವಾರ್ಟರ್ (180 ಮಿ.ಲೀ.), ಅದರ ಮೇಲೆ ಒಂದು ಸ್ಟ್ರಾಂಗ್ ಬಿಯರ್ ಮುಗಿಸಿದಿರಿ ಅಂತಿಟ್ಟುಕೊಳ್ಳಿ. ಒಳಗೆ ಹೋದದ್ದು ಸುಮಾರು 100 ಗ್ರಾಂ ಆಲ್ಕೋಹಾಲ್. 70–75 ಕೆ.ಜಿ. ಆಳಿಗೆ 200 ಮಿ.ಗ್ರಾಂ. ಲೆಕ್ಕ. ಬೆಳಗ್ಗೆ 5ಕ್ಕೆ ಮುಖ ತೊಳೆದು ಹೆಲ್ಮೆಟ್ ಹಾಕುವಾಗ ಇನ್ನೂ 90ರ ಮೇಲಿರುತ್ತೀರಿ, ಮಿತಿಯ ಮೂರು ಪಟ್ಟು. 30ಕ್ಕೆ ಇಳಿಯಲು ಬೆಳಗ್ಗೆ 9 ಗಂಟೆ ದಾಟಬೇಕು. ತಲೆ ಹಗುರ ಅನ್ನಿಸುತ್ತದೆ, ಬಾಯಿ ವಾಸನೆಯೂ ಹೋದ ಹಾಗಿರುತ್ತದೆ. ಅಪಾಯ ಇರುವುದೇ ಅದರಲ್ಲಿ. ಜೊತೆಗೆ ಮೂರು ಗಂಟೆಯ ನಿದ್ದೆ, ಏರ್‌ಪೋರ್ಟ್ ರಸ್ತೆಯ ಮಂಜು.

ಅಂದ ಹಾಗೆ, ಹೊಸ ವರ್ಷದ ಹೊತ್ತಿಗೆ ನಂದಿ ಬೆಟ್ಟಕ್ಕೆ ಪ್ರವೇಶ ನಿಲ್ಲಿಸುವುದು ಎಷ್ಟೋ ವರ್ಷಗಳಿಂದ ಇದೆ. ಹೋಗುವುದೇ ಆದರೆ ಮೊದಲು ಕೇಳಿಕೊಳ್ಳಿ. ನನ್ನ ಕೇಳಿದರೆ 2ನೇ ತಾರೀಕು ಹೋಗಿ. ಸೂರ್ಯ ಅವತ್ತೂ ಹುಟ್ಟುತ್ತಾನೆ.

ಪ್ರಶ್ನೆ: ಯುಗಾದಿ ಮಾರನೇ ದಿನ ಹೊಸತೊಡಕಿಗೆ ನಮ್ಮ ಮನೆಗೆ ನೆಂಟರೆಲ್ಲ ಬರ್ತಾರೆ. ಗಂಡಸರು ತೋಟದಲ್ಲಿ ಕೂತು ಕುಡಿದು, ಬಾಡೂಟ ಮುಗಿಸಿ, ಕತ್ತಲಲ್ಲಿ ಬೈಕ್ ಹತ್ತಿ ಹೊರಡ್ತಾರೆ. ನಮ್ಮ ಯಜಮಾನರ ಅಣ್ಣ ಹೋದ ವರ್ಷ ನಾಲೆ ಏರಿ ಮೇಲೆ ಬಿದ್ದು ಕಾಲು ಮುರ್ಕೊಂಡ್ರು. ಭಾವನಿಗೆ ಎದುರು ಮಾತಾಡೋ ಹಾಗಿಲ್ಲ. ಹೇಗೆ ತಡೆಯೋದು? — ಮಂಡ್ಯದ ಓದುಗರು

ಕಾಲು ಮುರಿದದ್ದಕ್ಕೇ ಮುಗಿಯಿತಲ್ಲ ತಾಯಿ, ಸದ್ಯ. ತಡೆಗೋಡೆ ಇಲ್ಲದ ನಾಲೆ ಏರಿ, ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರು, ಬಣ್ಣ ಬಳಿಯದ ಹಂಪು. ನಿಮ್ಮ ಕಡೆಯ ರಸ್ತೆಯಲ್ಲಿ ಕುಡಿಯದವನಿಗೂ ರಾತ್ರಿ ಕಷ್ಟವೇ.

ಹೊರಡುವ ಹೊತ್ತಿಗೆ ತಡೆಯಲು ಹೋದರೆ ಜಗಳ ಆಗುತ್ತದೆ. ‘ನೀವು ಕುಡಿದಿದ್ದೀರಿ’ ಅನ್ನುವ ಮಾತು ಕುಡಿದವನ ಕಿವಿಗೆ ಬೈಗುಳ. ‘ನಂಗೇನಾಗಿದೆ’ ಅಂತ ಗಾಡಿ ಕಿಕ್ ಹೊಡೆದೇ ತೋರಿಸುತ್ತಾನೆ. ಅದಕ್ಕೆ ಕೆಲಸ ಬೆಳಗ್ಗೆಯೇ ಶುರುವಾಗಬೇಕು.

ನಮ್ಮ ಅತ್ತಿಗೆ ಮಾಡುವ ಉಪಾಯ ಹೇಳುತ್ತೇನೆ. ಗಾಡಿಗಳು ಬಂದ ತಕ್ಷಣ, ಇನ್ನೂ ಕಾಫಿ ಕೊಡುವ ಮೊದಲೇ, ‘ಪೆಂಡಾಲಿನವರು ಬರ್ತಾರೆ, ಗಾಡಿ ಸರಿಸಬೇಕು, ಕೀ ಕೊಟ್ಟಿರಿ’ ಅಂತ ಎಲ್ಲರ ಕೀ ಇಸಕೊಳ್ಳುತ್ತಾಳೆ. ಕುಡಿಯದ ಹುಡುಗನೊಬ್ಬ ಗಾಡಿಗಳನ್ನೆಲ್ಲ ಹಟ್ಟಿಯ ಒಳಗೆ ಒಂದರ ಹಿಂದೊಂದು ನಿಲ್ಲಿಸುತ್ತಾನೆ. ಕೀಗಳೆಲ್ಲ ಅಡುಗೆಮನೆಯ ರಾಗಿ ಹಿಟ್ಟಿನ ಡಬ್ಬಕ್ಕೆ. ಗಂಡಸರು ಮೊಳೆ, ಟಿವಿ ಮೇಲ್ಗಡೆ, ದೇವರ ಗೂಡು ಎಲ್ಲ ತಡಕಾಡಿ ಸುಸ್ತಾಗಿ ಮಲಗುತ್ತಾರೆ. ರಾಗಿ ಡಬ್ಬಕ್ಕೆ ಕೈ ಹಾಕಬೇಕೆಂದು ಇಷ್ಟು ವರ್ಷದಲ್ಲಿ ಒಬ್ಬನಿಗೂ ಹೊಳೆದಿಲ್ಲ! ಬೆಳಗ್ಗೆ ಹಿಟ್ಟು ಮೆತ್ತಿದ ಕೀ ಕೈಗೆ ಬರುತ್ತದೆ, ಸೆರಗಲ್ಲಿ ಒರೆಸಿ ಕೊಡುತ್ತಾಳೆ. ಯಾರೂ ಬೇಜಾರು ಮಾಡಿಕೊಂಡದ್ದಿಲ್ಲ.

ಊಟವನ್ನು ತಡ ಮಾಡಬೇಡಿ. ನಮ್ಮಲ್ಲಿ ಗಂಡಸರು ಖಾಲಿ ಹೊಟ್ಟೆಯಲ್ಲಿ ಎರಡು ಗಂಟೆ ಕುಡಿದು, ಮುದ್ದೆ ಎಲೆಗೆ ಬೀಳುವ ಹೊತ್ತಿಗೆ ಅಲ್ಲಾಡುತ್ತಿರುತ್ತಾರೆ. ಬೋಟಿ, ಚಾಪ್ಸು ಏನಿದೆಯೋ ಅದು ಬಾಟಲಿಗಿಂತ ಮೊದಲು ತೋಟ ಸೇರಲಿ. ಕತ್ತಲಾಗುವ ಮೊದಲೇ ಜಗುಲಿಯಲ್ಲಿ ಕಣ್ಣಿಗೆ ಬೀಳುವ ಹಾಗೆ ಚಾಪೆ, ದಿಂಬು ಹಾಸಿಡಿ. ಮಲಗಿ ಅನ್ನುವುದಕ್ಕಿಂತ ಹಾಸಿದ ಹಾಸಿಗೆ ಜೋರಾಗಿ ಕರೆಯುತ್ತದೆ. ಅಷ್ಟಾದರೂ ಭಾವ ಹೊರಟೇ ಹೊರಟರೆ ನೀವು ಮಾತಾಡಬೇಡಿ, ನಿಮ್ಮ ಅತ್ತೆಯ ಬಾಯಲ್ಲಿ ಹೇಳಿಸಿ. ಅವ್ವನಿಗೆ ಎದುರಾಡುವ ಮಗ ಕಮ್ಮಿ. ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಮಕ್ಕಳು ಮರಿ ತುಂಬಿಕೊಂಡು, ಅದನ್ನು ಕುಡಿದವನ ಕೈಗೆ ಕೊಟ್ಟು ಕಳಿಸುವುದಂತೂ ಯಾವ ಕಾರಣಕ್ಕೂ ಬೇಡ.

ಪ್ರಶ್ನೆ: ಮಜ್ಜಿಗೆ, ನಿಂಬೆರಸ, ಬ್ಲ್ಯಾಕ್ ಕಾಫಿ, ತಣ್ಣೀರು ಸ್ನಾನ. ಇವುಗಳಲ್ಲಿ ಯಾವುದು ಕೆಲಸ ಮಾಡುತ್ತದೆ? ಪಾನ್ ಹಾಕಿಕೊಂಡರೆ ಮೆಷಿನ್‌ಗೆ ಗೊತ್ತಾಗಲ್ಲ ಅಂತಾರೆ. — ಮೈಸೂರಿನ ವಿದ್ಯಾರ್ಥಿ

ಯಾವುದೂ ಇಲ್ಲ. ಕಾಫಿ ನಿದ್ದೆ ಓಡಿಸುತ್ತದೆ, ಎಣ್ಣೆಯನ್ನಲ್ಲ. ಪಾನ್, ಸೋಂಪು ಬಾಯಿ ವಾಸನೆ ಮುಚ್ಚುತ್ತವೆ. ಆದರೆ ಮೆಷಿನ್ ಮೂಸಿ ನೋಡುವುದಿಲ್ಲ. ರಕ್ತದಿಂದ ಶ್ವಾಸಕೋಶಕ್ಕೆ ಬಂದು ಉಸಿರಿನ ಜೊತೆ ಹೊರಬೀಳುವ ಆಲ್ಕೋಹಾಲನ್ನು ಅಳೆಯುತ್ತದೆ. ಮಜ್ಜಿಗೆ ಕುಡಿಯಿರಿ, ಒಳ್ಳೆಯದು. ಗಾಡಿ ಮಾತ್ರ ಮುಟ್ಟಬೇಡಿ.

ಪ್ರಶ್ನೆ: ನಾನು ಕುಡಿಯುವವನೇ ಅಲ್ಲ. ಕೆಮ್ಮಿನ ಸಿರಪ್ ಕುಡಿದು ಬರುವಾಗ ಊದಿಸಿದರು, ಮೆಷಿನ್ ಕೂಗಿತು. ಹೀಗಾದರೆ ಏನು ಮಾಡಬೇಕು? — ಹುಬ್ಬಳ್ಳಿಯ ಓದುಗರು

ಆಗುವಂಥದ್ದೇ. ಕೆಲವು ಸಿರಪ್, ಹೋಮಿಯೋಪಥಿ ಹನಿ, ಮೌತ್‌ವಾಶ್‌ನಲ್ಲಿ ಆಲ್ಕೋಹಾಲ್ ಇರುತ್ತದೆ. ಅದು ಬಾಯಲ್ಲಿ ಸ್ವಲ್ಪ ಹೊತ್ತು ಉಳಿದು ರೀಡಿಂಗ್ ಏರಿಸುತ್ತದೆ. ವಾದ ಮಾಡಬೇಡಿ. ನೀರಲ್ಲಿ ಬಾಯಿ ಮುಕ್ಕಳಿಸಿ, 15 ನಿಮಿಷ ಬಿಟ್ಟು ಇನ್ನೊಮ್ಮೆ ಊದುತ್ತೇನೆ ಎಂದು ಕೇಳಿ. ಬಾಯಲ್ಲಿದ್ದದ್ದು ಅಷ್ಟರಲ್ಲಿ ಹೋಗಿರುತ್ತದೆ, ರಕ್ತದಲ್ಲಿದ್ದದ್ದು ಹೋಗುವುದಿಲ್ಲ.

ಆಗಲೂ ತಕರಾರಿದ್ದರೆ ರಕ್ತ ಪರೀಕ್ಷೆ. ಅದಕ್ಕೆ ಬಂದವರ ಕೈಯನ್ನು ನಾವು ಸ್ಪಿರಿಟ್ ಹತ್ತಿಯಿಂದ ಒರೆಸುವುದಿಲ್ಲ. ಯಾಕೆ ಅಂತ ಗೊತ್ತಾಯಿತಲ್ಲ? ಹಾಗೆ ಒರೆಸಲು ಯಾರಾದರೂ ಬಂದರೆ ಬೇಡ ಎನ್ನಿ. ಊದಲು ಒಪ್ಪದೆ ಹಟ ಹಿಡಿಯುವುದು ಮಾತ್ರ ತಪ್ಪು. ಸಕಾರಣವಿಲ್ಲದೆ ನಿರಾಕರಿಸಿದರೆ ಅದೇ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ.

ಕೇಸಾದರೆ ಸ್ಥಳದಲ್ಲೇ ದಂಡ ಕಟ್ಟಿ ಹೋಗುವ ಹಾಗಿಲ್ಲ, ಕೋರ್ಟಿಗೇ ಹೋಗಬೇಕು. ಮೊದಲ ಸಲ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ 15,000 ದಂಡ ಅಥವಾ 2 ವರ್ಷದವರೆಗೆ ಜೈಲು, ಇಲ್ಲವೇ ಎರಡೂ. ಲೈಸೆನ್ಸ್ ಕೂಡ ಅಮಾನತಾಗಬಹುದು.

ಪ್ರಶ್ನೆ: ಪಾರ್ಟಿಗೆ ತಮ್ಮ ನನ್ನ ಕಾರು ಕೇಳುತ್ತಿದ್ದಾನೆ. ಏನಾದರೂ ಆದರೆ ಇನ್ಶೂರೆನ್ಸ್ ಇದೆಯಲ್ಲ? — ದಾವಣಗೆರೆಯ ಓದುಗರು

ಕುಡಿದು ಓಡಿಸಿದ್ದು ಸಾಬೀತಾದರೆ ನಿಮ್ಮ ಕಾರಿನ ರಿಪೇರಿಗೆ ಕಂಪನಿ ಕೈಯೆತ್ತುತ್ತದೆ. ಎದುರಿನವರಿಗೆ ಪರಿಹಾರ ಕೊಟ್ಟರೂ ಅದನ್ನು ನಿಮ್ಮಿಂದ ವಸೂಲಿ ಮಾಡಲು ಬರಬಹುದು. ಕಾರು ನಿಮ್ಮ ಹೆಸರಲ್ಲಿದೆ, ನೆನಪಿರಲಿ. ತಮ್ಮನಿಗೆ 18 ತುಂಬಿಲ್ಲದಿದ್ದರೆ ಮಾತೇ ಬೇರೆ. ಅಪ್ರಾಪ್ತರ ಕೈಗೆ ಗಾಡಿ ಕೊಟ್ಟ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ.

ಪ್ರಶ್ನೆ: ಗಣೇಶನ ವಿಸರ್ಜನೆ ದಿನ ಗೆಳೆಯ ಕುಡಿದು ಬೈಕಿಂದ ಬಿದ್ದ. ತಲೆಗೆ ಸಣ್ಣ ತರಚು ಗಾಯ. ಎದ್ದು ಮಾತಾಡಿದ, ನಕ್ಕ, ಆಮೇಲೆ ಮಲಗಿದ. ನಾವು ಮಲಗಲು ಬಿಟ್ಟೆವು, ಬೆಳಗ್ಗೆ ಸರಿ ಇದ್ದ. ಮಾಡಿದ್ದು ಸರಿಯಾ? — ತುಮಕೂರಿನ ಓದುಗರು

ಸರಿಯಲ್ಲ. ನಿಮ್ಮ ಗೆಳೆಯನ ಅದೃಷ್ಟ ಚೆನ್ನಾಗಿತ್ತು.

ಹೊಸ ವರ್ಷದ ಒಂದು ನಸುಕಿನಲ್ಲಿ ಹೀಗೆಯೇ ಒಬ್ಬ ಹುಡುಗನನ್ನು ಕರೆತಂದಿದ್ದರು. ಅಂಗಿ ತುಂಬ ಕೇಕಿನ ಕ್ರೀಮು, ಹೆಲ್ಮೆಟ್ ಬೈಕಿನ ಕನ್ನಡಿಗೆ ನೇತುಹಾಕಿಯೇ ಇತ್ತಂತೆ. 1 ಗಂಟೆಗೆ ಬಿದ್ದವನು, ‘ಏನಿಲ್ಲ ಮಗಾ’ ಅಂತ ಎದ್ದು ರೂಮಿಗೆ ನಡೆದುಕೊಂಡೇ ಹೋಗಿದ್ದ. ಗೊರಕೆ ಹೊಡೆಯುತ್ತಿದ್ದಾನೆ, ಎಣ್ಣೆ ಇಳಿದ ಮೇಲೆ ಏಳುತ್ತಾನೆ ಬಿಡು ಎಂದುಕೊಂಡರು. ನಾಲ್ಕೂವರೆಗೆ ಒಬ್ಬ ಎಬ್ಬಿಸಿ ನೋಡಿದ, ಏಳಲಿಲ್ಲ. ನಾನು ರೆಪ್ಪೆ ಎತ್ತಿ ಟಾರ್ಚ್ ಬಿಟ್ಟಾಗ ಬಲಗಣ್ಣಿನ ಪಾಪೆ ಎಡಗಣ್ಣಿಗಿಂತ ಎರಡರಷ್ಟಿತ್ತು. ತಲೆಬುರುಡೆಯ ಒಳಗೆ ರಕ್ತ ಸೋರಿ ಮೆದುಳನ್ನು ಒತ್ತುತ್ತಿತ್ತು. ಇಂಥ ಪೆಟ್ಟಿನಲ್ಲಿ ಮೊದಲು ಸ್ವಲ್ಪ ಹೊತ್ತು ಮನುಷ್ಯ ಸರಿಯಾಗಿಯೇ ಮಾತಾಡಬಹುದು. ಆಮೇಲೆ ಬರುವ ಮಂಪರು ಎಣ್ಣೆಯದೋ ಪೆಟ್ಟಿನದೋ ಎಂದು ನೋಡಿ ಹೇಳಲು ನನಗೂ ಆಗುವುದಿಲ್ಲ, ಸಿಟಿ ಸ್ಕ್ಯಾನ್ ಬೇಕು.

ಕುಡಿದವನ ತಲೆಗೆ ಪೆಟ್ಟು ಬಿದ್ದರೆ ಮಲಗಿಸಬೇಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಿರಿ. ವಾಂತಿ, ಎಬ್ಬಿಸಿದರೆ ಏಳದಿರುವುದು, ಕಿವಿ ಮೂಗಿನಿಂದ ರಕ್ತ ಅಥವಾ ನೀರಿನಂಥದ್ದು ಸೋರುವುದು ಕಂಡರೆ ಒಂದು ನಿಮಿಷವೂ ಕಾಯಬೇಡಿ. 108ಕ್ಕೋ 112ಕ್ಕೋ ಫೋನ್ ಮಾಡಿ. ಖರ್ಚಿಗೆ ಹೆದರಬೇಡಿ. ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 7 ದಿನ 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರಲ್ಲಿ ಬಂದಿದೆ. ಪೊಲೀಸರು ನಮ್ಮನ್ನು ಹಿಡಿಯುತ್ತಾರೆ ಎಂಬ ಭಯವೂ ಬೇಡ. ಗಾಯಾಳುವನ್ನು ತಂದು ಬಿಟ್ಟವರಿಗೆ ಕಾನೂನಿನ ರಕ್ಷಣೆ ಇದೆ, ಹೆಸರು ಹೇಳಲೇಬೇಕೆಂದೂ ಇಲ್ಲ.

ಆದರೆ ಅವನು ಎಷ್ಟು ಕುಡಿದಿದ್ದ, ಎಷ್ಟು ಗಂಟೆಗೆ ಬಿದ್ದ, ಬಿದ್ದ ಮೇಲೆ ಮಾತಾಡಿದ್ದನಾ ಎನ್ನುವುದನ್ನು ಡ್ಯೂಟಿ ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿ ಹೋಗಿ. ಮನೆಯವರಿಗೆ ಗೊತ್ತಾಗುತ್ತದೆ ಅಂತ ‘ಇಲ್ಲ ಸಾರ್, ಕುಡಿದೇ ಇಲ್ಲ’ ಎನ್ನುವ ಗೆಳೆಯರಿಂದ ನಮಗೆ ಅರ್ಧ ಗಂಟೆ ದಂಡವಾಗುತ್ತದೆ.