ಟೆಕ್ನಿಕಲ್ ರೈಟರ್ ಆಗಲು ಯಾವ ಟೂಲ್ ಕಲಿಯಬೇಕು?

ಎರಡು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದ್ದೀರಿ, ಈಗ ಟೆಕ್ನಿಕಲ್ ರೈಟಿಂಗ್‌ಗೆ (ಸಾಫ್ಟ್‌ವೇರ್ ಬಳಸುವವರಿಗೆ ಗೈಡ್, ಸೂಚನೆ ಬರೆಯುವ ಕೆಲಸ) ಬರಬೇಕು, ಯಾವ ಟೂಲ್ ಕಲಿಯಲಿ ಅಂತ ಕೇಳಿದ್ದೀರಿ. ಟೂಲ್ ಆಮೇಲೆ. ಟೆಸ್ಟಿಂಗ್ ಗೊತ್ತಿದ್ದರೆ ಅರ್ಧ ಕೆಲಸ ಆಗಲೇ ಗೊತ್ತಿದ್ದ ಹಾಗೆ.

ನಾನು ಹೊಸತರಲ್ಲಿ ಒಂದು ಇನ್‌ಸ್ಟಾಲೇಶನ್ ಗೈಡ್ ಬರೆದೆ. ಡೆವಲಪರ್ ಹೇಳುತ್ತಾ ಹೋದರು, ನಾನು ಬರೆದುಕೊಳ್ಳುತ್ತಾ ಹೋದೆ. ಒಂಬತ್ತು ಹಂತ, ಚೊಕ್ಕ ಭಾಷೆ, ಸ್ಕ್ರೀನ್‌ಶಾಟ್ ಎಲ್ಲಾ ಇತ್ತು. ಮಾರನೇ ದಿನವೇ ಸಪೋರ್ಟ್‌ನವರು ಬಂದು ನಿಂತರು: ನಾಲ್ಕನೇ ಹಂತದಲ್ಲಿ ಎಲ್ಲರಿಗೂ ಎರರ್. ಅಲ್ಲಿ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ (ಪ್ರೋಗ್ರಾಂ ಓದಿಕೊಳ್ಳಲು ಸಿಸ್ಟಂನಲ್ಲಿ ಇಡುವ ಸೆಟ್ಟಿಂಗ್) ಸೆಟ್ ಮಾಡಬೇಕಿತ್ತು. ಡೆವಲಪರ್ ಮಷಿನ್‌ನಲ್ಲಿ ಅದು ಯಾವತ್ತೋ ಸೆಟ್ ಆಗಿತ್ತು, ಅವರಿಗೆ ನೆನಪೇ ಇರಲಿಲ್ಲ. ನಾನಂತೂ ಒಂದು ಸಲವೂ ಮಾಡಿ ನೋಡಿರಲಿಲ್ಲ. ಈಗ ಏನೂ ಹಾಕಿರದ ಹೊಸ ವರ್ಚುವಲ್ ಮಷಿನ್‌ನಲ್ಲಿ (ಕಂಪ್ಯೂಟರ್ ಒಳಗೇ ಓಡಿಸುವ ಇನ್ನೊಂದು ಕಂಪ್ಯೂಟರ್) ನಾನೇ ಮಾಡಿ ನೋಡದೆ ಒಂದು ಹಂತವನ್ನೂ ಬರೆಯುವುದಿಲ್ಲ.

ಇನ್ನೊಂದು, ಕ್ರಮ. ‘ಹಳೆಯ ಫೋಲ್ಡರ್ ಅಳಿಸಿ. ಅದಕ್ಕೂ ಮೊದಲು ಬ್ಯಾಕಪ್ ತೆಗೆದುಕೊಂಡಿರಬೇಕು.’ ತಪ್ಪೇನೂ ಕಾಣುವುದಿಲ್ಲ ಅಲ್ವಾ? ಆದರೆ ಯಾರೂ ಪೂರ್ತಿ ಓದಿಕೊಂಡು ಕೆಲಸ ಶುರುಮಾಡುವುದಿಲ್ಲ. ಒಂದು ಸಾಲು ಓದುತ್ತಾರೆ, ಮಾಡುತ್ತಾರೆ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಫೋಲ್ಡರ್ ಹೋಗಿರುತ್ತದೆ.

ಡೆವಲಪರ್‌ಗಳ ಹತ್ತಿರ ‘ಈ ಫೀಚರ್ ಬಗ್ಗೆ ಸ್ವಲ್ಪ ಹೇಳಿ’ ಅಂತ ಹೋಗಬೇಡಿ, ‘ನಾಳೆ ನೋಡೋಣ’ ಅಂತಾರೆ. ಅರ್ಧಂಬರ್ಧ ಡ್ರಾಫ್ಟ್ ಆದರೂ ತೋರಿಸಿ. ತಪ್ಪು ಕಂಡರೆ ಅವರ ಕೈ ಸುಮ್ನೆ ಇರುವುದಿಲ್ಲ, ತಾವೇ ತಿದ್ದಿಕೊಡುತ್ತಾರೆ.

ಈಗ ಟೂಲ್. ಮಾರ್ಕ್‌ಡೌನ್ ಅಂದರೆ ಸಾದಾ ಅಕ್ಷರದಲ್ಲೇ ಶೀರ್ಷಿಕೆ, ಪಟ್ಟಿಗಳಿಗೆ ಗುರುತು ಹಾಕಿ ಬರೆಯುವ ವಿಧಾನ; ಅದು ಒಂದು ಮಧ್ಯಾಹ್ನದಲ್ಲಿ ಬರುತ್ತದೆ. ಗಿಟ್‌ನಲ್ಲಿ (ಫೈಲ್‌ಗಳ ಬದಲಾವಣೆಯ ದಾಖಲೆ ಇಡುವ ಟೂಲ್) ಬ್ರಾಂಚ್ (ಬೇರೆಯಾಗಿ ಕೆಲಸ ಮಾಡುವ ಕವಲು), ಕಮಿಟ್ (ಬದಲಾವಣೆ ದಾಖಲಿಸುವುದು), ಪುಲ್ ರಿಕ್ವೆಸ್ಟ್ (ನನ್ನ ತಿದ್ದುಪಡಿ ಸೇರಿಸಿಕೊಳ್ಳಿ ಅನ್ನುವ ಮನವಿ) ಇಷ್ಟು ಸಾಕು. ಎಪಿಐ (ಒಂದು ಪ್ರೋಗ್ರಾಂ ಇನ್ನೊಂದರ ಜೊತೆ ಮಾತಾಡುವ ದಾರಿ) ಕಡೆ ಒಲವಿದ್ದರೆ ಪೋಸ್ಟ್‌ಮ್ಯಾನ್ ಅನ್ನುವ ಟೂಲ್‌ನಲ್ಲಿ ರಿಕ್ವೆಸ್ಟ್ ಕಳಿಸಿ ನೋಡಿ, ಎಪಿಐ ವಿವರ ಇರುವ ಓಪನ್‌ಎಪಿಐ ಫೈಲ್ ಓದಲು ಕಲಿಯಿರಿ. ಟೆಸ್ಟಿಂಗ್‌ನಿಂದ ಬರುವವರಿಗೆ ಇದು ಸುಲಭದ ದಾರಿ. ಡಿಟಾ (ದಾಖಲೆಗಳನ್ನು ತುಂಡು ತುಂಡಾಗಿ ಬರೆದು ಜೋಡಿಸುವ ಎಕ್ಸ್‌ಎಂಎಲ್ ಮಾದರಿ), ಮ್ಯಾಡ್‌ಕ್ಯಾಪ್ ಫ್ಲೇರ್ (ಗೈಡ್ ಬರೆದು ಪ್ರಕಟಿಸುವ ಸಾಫ್ಟ್‌ವೇರ್) ಕೇಳುವ ಕಂಪನಿಗಳೂ ಇವೆ; ಅವನ್ನು ಕೆಲಸಕ್ಕೆ ಸೇರಿದ ಮೇಲೆ ಕಲಿಯಬಹುದು. ಗೂಗಲ್‌ನ ಟೆಕ್ನಿಕಲ್ ರೈಟಿಂಗ್ ಪಾಠಗಳು ಉಚಿತ, ಮಾಡಿಬಿಡಿ. ಗೂಗಲ್, ಮೈಕ್ರೋಸಾಫ್ಟ್ ಎರಡರ ಸ್ಟೈಲ್ ಗೈಡ್‌ಗಳೂ (ಹೇಗೆ ಬರೆಯಬೇಕು ಅನ್ನುವ ನಿಯಮಗಳು) ಎಲ್ಲರಿಗೂ ಸಿಗುತ್ತವೆ. ಬಾಯಿಪಾಠ ಮಾಡಲು ಹೋಗಬೇಡಿ, ಅನುಮಾನ ಬಂದಾಗ ತೆರೆದು ನೋಡಿದರೆ ಸಾಕು.

ಎಐ ಇರುವಾಗ ನಮಗೇನು ಕೆಲಸ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಡ್ರಾಫ್ಟಿಗೆ ನಾನೂ ಬಳಸುತ್ತೇನೆ. ಅದು ಇಲ್ಲದ ಬಟನ್ನಿಗೂ ಹೆಸರಿಟ್ಟು, ಅದನ್ನು ಒತ್ತಿ ಅಂತ ಧೈರ್ಯವಾಗಿ ಬರೆದುಕೊಡುತ್ತದೆ!

ಅನುಭವ ಇಲ್ಲ ಅನ್ನುವ ಚಿಂತೆಗೆ ಹೀಗೆ ಮಾಡಿ. ಒಂದು ಚಿಕ್ಕ ಓಪನ್ ಸೋರ್ಸ್ ಪ್ರಾಜೆಕ್ಟ್ ಹಿಡಿಯಿರಿ. ಅದರ ರೀಡ್‌ಮಿ (ಪ್ರಾಜೆಕ್ಟ್ ಜೊತೆ ಬರುವ ಪರಿಚಯದ ಫೈಲ್) ನೋಡಿಕೊಂಡು, ಅದರಲ್ಲಿ ಇರುವಷ್ಟನ್ನೇ ಮಾಡುತ್ತಾ ಇನ್‌ಸ್ಟಾಲ್ ಮಾಡಿ. ಎಲ್ಲೆಲ್ಲಿ ಸಿಕ್ಕಿಹಾಕಿಕೊಂಡಿರೋ ಬರೆದಿಟ್ಟುಕೊಳ್ಳಿ. ಆ ಜಾಗಗಳನ್ನು ಮಾತ್ರ ತಿದ್ದಿ ಪುಲ್ ರಿಕ್ವೆಸ್ಟ್ ಕಳಿಸಿ. ಅವರು ತೆಗೆದುಕೊಳ್ಳದಿದ್ದರೂ ಪರವಾಗಿಲ್ಲ, ಹಳೆಯದು ಹೊಸದು ಎರಡನ್ನೂ ಅಕ್ಕಪಕ್ಕ ಇಟ್ಟು ಪೋರ್ಟ್‌ಫೋಲಿಯೊ ಮಾಡಿಕೊಳ್ಳಿ. ಇಂಟರ್‌ವ್ಯೂ ತೆಗೆದುಕೊಳ್ಳುವಾಗ ನಾನು ಮೊದಲು ಕೇಳುವುದೇ ಅದು: ಈ ಸಾಲನ್ನು ಯಾಕೆ ಬದಲಿಸಿದಿರಿ?