ಜನ ಹಾಡುತ್ತಿಲ್ಲವೆಂದರೆ ಮೊದಲು ಶ್ರುತಿ ಇಳಿಸಿ

ಸಹೋದರರೇ, ಕರ್ತನ ನಾಮದಲ್ಲಿ ವಂದನೆಗಳು.

ಚರ್ಚಿನಲ್ಲಿ ಹಾಡುಗಳ ಆರಾಧನೆ ನಡೆಸುವ ಹೊಣೆ ಹೊಸದಾಗಿ ಬಂದಿದೆ, ಕೀಬೋರ್ಡ್, ಗಿಟಾರ್, ಡ್ರಮ್ಸ್ ಎಲ್ಲ ಇದ್ದರೂ ಸಭೆಯವರು ಬಾಯಿ ತೆರೆಯುತ್ತಿಲ್ಲ, ಧ್ವನಿ ಪಳಗಿಸುವುದು ಹೇಗೆ ಎಂದು ಕೇಳಿದ್ದೀರಿ. ಸ್ವರಸಾಧನೆ ಖಂಡಿತ ಮಾಡಿ. ಆದರೆ ನಿಮ್ಮ ತೊಂದರೆಗೆ ಮದ್ದು ಅಲ್ಲಿಲ್ಲ. ನಿಮ್ಮ ಕೆಲಸ ಹಾಡುವುದಕ್ಕಿಂತ ಹೆಚ್ಚಾಗಿ ಹಾಡಿಸುವುದು.

ಮೊದಲು ಶ್ರುತಿ ನೋಡಿ. ಯೂಟ್ಯೂಬಿನಲ್ಲಿ ಕೇಳಿದ ಹಾಡನ್ನು ಆ ಗಾಯಕರ ಶ್ರುತಿಯಲ್ಲೇ ಎತ್ತಿಕೊಳ್ಳುತ್ತೇವೆ. ಅವರದು ಪಳಗಿದ, ಮೇಲಕ್ಕೇರುವ ಗಂಟಲು. ಹಿಂದಿನ ಬೆಂಚಿನ ಅಜ್ಜಿಗೂ ಕೆಲಸ ಮುಗಿಸಿ ದಣಿದು ಬಂದವರಿಗೂ ಅದು ನಿಲುಕದು. ಪಲ್ಲವಿಯಲ್ಲಿ ಅತಿ ಎತ್ತರದ ಸ್ವರ ಯಾವುದೆಂದು ಕೀಬೋರ್ಡಿನಲ್ಲಿ ಒತ್ತಿ ನೋಡಿ. ಗಂಡಸರಿಗೆ ಮಿತಿ ಕೀಬೋರ್ಡಿನ ನಡುವಿನ ಸಿ ಸ್ವರದ ಬಲಕ್ಕೇ ಇರುವ ಡಿ, ಹೆಂಗಸರಿಗೆ ಅದರ ಒಂದು ಸ್ಥಾಯಿ ಮೇಲಿನ ಡಿ. ಅದನ್ನು ದಾಟಿದರೆ ಕೀಬೋರ್ಡಿನಲ್ಲಿ ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಇಳಿಸಿ. ಬೆಳಗಿನ ಮೊದಲ ಆರಾಧನೆಯಾದರೆ ಇನ್ನೂ ಅರ್ಧ ಸ್ವರ ಇಳಿಸಿ, ಆ ಹೊತ್ತಿಗೆ ಯಾರ ಗಂಟಲೂ ಬಿಟ್ಟಿರುವುದಿಲ್ಲ. ಇಳಿಸಿದಾಗ ಹಾಡು ಮಂಕಾಯಿತೆಂದು ಗಿಟಾರಿನವರು ದೂರಬಹುದು. ಸಭೆ ಹಾಡತೊಡಗಿದ ಮೇಲೆ ಅವರೂ ಒಪ್ಪುತ್ತಾರೆ.

ಎರಡನೆಯದು ಮೈಕ್. ಮೊದಲ ಚರಣವನ್ನು ಸ್ಪಷ್ಟವಾಗಿ ಹಿಡಿದುಕೊಡಿ, ಸಭೆ ರಾಗ ಹಿಡಿದೊಡನೆ ಮೈಕಿನಿಂದ ಹಿಂದೆ ಸರಿಯಿರಿ. ಒಂದು ಚರಣಕ್ಕೆ ಡ್ರಮ್ಸ್ ಸಹ ನಿಲ್ಲಲಿ. ತಮ್ಮ ದನಿ ತಮಗೇ ಕೇಳಿಸಿದರೆ ಜನ ತಾವಾಗಿಯೇ ಜೋರಾಗುತ್ತಾರೆ. ಮೆಥೊಡಿಸ್ಟ್ ಪಂಥಕ್ಕೆ ನಾಂದಿ ಹಾಡಿದ ಜಾನ್ ವೆಸ್ಲಿ 1761ರಲ್ಲಿ ಸಭಾಗಾಯನಕ್ಕೆ ಬರೆದ ಸೂಚನೆಗಳಲ್ಲಿ ಎದೆತುಂಬಿ ಹಾಡಿರಿ ಎಂದೂ, ಉಳಿದವರ ದನಿಯನ್ನು ಮುಳುಗಿಸುವಂತೆ ಅರಚಬೇಡಿರಿ ಎಂದೂ ಎಚ್ಚರಿಸಿದ್ದರು. ಆಗ ಮೈಕ್ ಇರಲಿಲ್ಲ. ಈಗ ಆ ಎಚ್ಚರ ಇನ್ನೂ ಹೆಚ್ಚು ಬೇಕು.

ಹೊಸ ಹಾಡು ಒಂದು ಆರಾಧನೆಗೆ ಒಂದೇ. ಅದನ್ನು ಕೆಲವು ವಾರ ಬಿಡದೆ ಹಾಡಿಸಿ, ಉಳಿದವು ಪರಿಚಿತವಾಗಿರಲಿ. ಪರದೆಯ ಮೇಲಿನ ಸಾಲು ಬದಲಿಸುವವರು ಹಿಂದಿನ ಸಾಲು ಮುಗಿಯುವ ಮೊದಲೇ ಮುಂದಿನದನ್ನು ತರಬೇಕು. ಓದಲು ಬಾರದ ಹಿರಿಯರಿದ್ದರೆ ಪ್ರತಿ ಚರಣದ ಮೊದಲ ಸಾಲನ್ನು ನೀವೇ ಹೇಳಿಕೊಡಿ. ಇದು ಹಳೆಯ ಕ್ರಮವೇ: ಅಕ್ಷರ ಬಾರದವರು ಹೆಚ್ಚಿರುವಲ್ಲಿ ಕೀರ್ತನೆಯನ್ನು ಸಾಲುಸಾಲಾಗಿ ಓದಿ ಹಾಡಿಸಬೇಕೆಂದು 1645ರಲ್ಲೇ ಇಂಗ್ಲೆಂಡಿನ ವೆಸ್ಟ್‌ಮಿನ್‌ಸ್ಟರ್ ಆರಾಧನಾ ಕ್ರಮದಲ್ಲಿ ವಿಧಿಸಿದ್ದರು.

ಸಭಾಪಾಲಕರನ್ನು ವಾರದ ಆರಂಭದಲ್ಲೇ ಕಂಡು ಪ್ರಸಂಗಕ್ಕೆ ಆರಿಸಿದ ಬೈಬಲಿನ ವಾಕ್ಯಭಾಗ ಯಾವುದೆಂದು ಕೇಳಿಕೊಳ್ಳಿ. ಪಶ್ಚಾತ್ತಾಪದ ಕುರಿತು ಪ್ರಸಂಗವಿರುವ ದಿನ ಚಪ್ಪಾಳೆಯ ಹಾಡು ಅದರ ಬೆನ್ನಿಗೇ ಬಂದರೆ ಕೇಳಿದ್ದೆಲ್ಲ ಕರಗಿಹೋಗುತ್ತದೆ. ಕರ್ತನ ಭೋಜನದ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚುವ ಹೊತ್ತಿನ ಹಾಡು ಎಲ್ಲರಿಗೂ ಬಾಯಿಪಾಠವಾಗಿರುವುದೇ ಆಗಬೇಕು. ಎದ್ದು ಮುಂದೆ ಬಂದು ಮೊಣಕಾಲೂರುವವರ ಕೈಯಲ್ಲಿ ಪುಸ್ತಕವಿರುವುದಿಲ್ಲ. ಹಾಡುಗಳ ನಡುವೆ ಚಿಕ್ಕ ಪ್ರಸಂಗ ಮಾಡುವ ಆಸೆ ಎಲ್ಲರಿಗೂ ಬರುತ್ತದೆ, ದಯವಿಟ್ಟು ಬೇಡ. ಒಂದು ವಚನ ಓದಿ, ಹಾಡಿಗೆ ಹೋಗಿ.

ಪವಿತ್ರಾತ್ಮನ ನಡೆಸುವಿಕೆ ಇದ್ದರೆ ಅಭ್ಯಾಸ ಬೇಡ ಎಂದು ನಿಮ್ಮ ಪ್ರಶ್ನೆಗೆ ಉತ್ತರವಾಗಿ ಒಬ್ಬರು ಬರೆದಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಬೈಬಲಿನಲ್ಲಿ ಒಂದನೆಯ ಪೂರ್ವಕಾಲವೃತ್ತಾಂತ 15:22 ನೋಡಿ: ದೇವರ ಸೇವೆಗೆ ನೇಮಕವಾದ ಕುಲದ ಲೇವಿಯರಲ್ಲಿ ಕೆನನ್ಯನಿಗೆ ಹಾಡಿಸುವ ಹೊಣೆ ಬಂದದ್ದು ಅವನು ಅದರಲ್ಲಿ ನಿಪುಣನಾಗಿದ್ದುದರಿಂದ. ಶನಿವಾರ ಸಂಜೆ ತಂಡವೆಲ್ಲ ಸೇರಿ ಪ್ರಾರ್ಥಿಸಿ, ಪ್ರತಿ ಹಾಡಿನ ಆರಂಭ, ಮುಕ್ತಾಯ, ಮರುಪಲ್ಲವಿ ಎಷ್ಟು ಸಲ ಎಂಬುದನ್ನು ನಿರ್ಧರಿಸಿಕೊಳ್ಳಿ. ಆಗ ಭಾನುವಾರ ನಿಮ್ಮ ಕಣ್ಣು ಹಾಳೆಯ ಮೇಲಲ್ಲ, ಸಭೆಯ ಮೇಲಿರುತ್ತದೆ.

ಈ ಭಾನುವಾರ ಹಾಡಿಸಲಿರುವ ಹಾಡುಗಳನ್ನೂ ಈಗ ಬಾರಿಸುತ್ತಿರುವ ಶ್ರುತಿಗಳನ್ನೂ ಇಲ್ಲೇ ಬರೆಯಿರಿ. ಯಾವುದನ್ನು ಎಷ್ಟು ಇಳಿಸಬಹುದೆಂದು ಹೇಳುತ್ತೇನೆ.